ಕೆಂಪು ಬಳಿದ ಬೋರಿಂಗು

ನಮ್ಮ ಚಿಗವ್ವ ಮಾರೆವ್ವ ಶಾಲೆಯ ಬಿಸಿಯೂಟದ ಒಲೆಗೆ ಒಂದು ಕೊಡ ನೀರು ಸುರಿದು ಬೆಂಕಿ ಆರಿಸಿದ ದಿನ ನಾನು ಐದನೆಯ ತರಗತಿಯಲ್ಲಿದ್ದೆ. ತಾಟು ತೊಡೆಯ ಮೇಲಿಟ್ಟುಕೊಂಡು ಸಾಲಾಗಿ ಕೂತಿದ್ದ ನಮಗೆಲ್ಲ ಆಕೆಗೆ ತಲೆ ಕೆಟ್ಟಿದೆ ಅನ್ನಿಸಿತು. ಸಂಜೆಯ ಹೊತ್ತಿಗೆ ಊರೂ ಅದನ್ನೇ ಅಂದಿತು. ಈಗ ನಾನು ಗಂಗಾವತಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಆಕೆಗೆ ಅಂದು ಏರಿದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ನನಗೂ ಅನ್ನಿಸುವುದಿಲ್ಲ.

ನಮ್ಮೂರು ಕೆಂಚಿಹಾಳ. ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ದಾರಿಯಲ್ಲಿ ಇಳಿದು ಒಳಕ್ಕೆ ನಡೆಯಬೇಕು. ನಮ್ಮಪ್ಪ ಹುಲಿಗೆಪ್ಪ ಹಿರಿಯ, ಕನಕಪ್ಪ ಕಾಕಾ ಕಿರಿಯ. ಒಂದೇ ಅಂಗಳದಲ್ಲಿ ಎರಡು ಒಲೆ. ಅಪ್ಪ ಹೊಲ ನೋಡಿಕೊಂಡರೆ ಕಾಕಾ ಕುಷ್ಟಗಿ ಕಡೆಯ ಕಲ್ಲಿನ ಕಣಿಗೆ ಕೂಲಿಗೆ ಹೋಗುತ್ತಿದ್ದ. ಮಾತು ಕಡಿಮೆ. ಮಾತೆಲ್ಲ ಅವನ ಹೆಂಡತಿ ಮಾರೆವ್ವನ ಪಾಲಿಗೆ ಬಂದಿತ್ತು.

ಮಾರೆವ್ವ ತಳಕಲ್ಲಿನ ಕಡೆಯ ಹೆಣ್ಣು. ಚಿಕ್ಕವಳಿದ್ದಾಗ ಮೆಟ್ಟಿಲು ಬಾವಿಯ ನೀರು ಕುಡಿದು ಆಕೆಯ ಕಾಲಿಗೆ ನಾರುಹುಣ್ಣು ಎದ್ದಿತ್ತು. ಹಿಮ್ಮಡಿಯ ಮೇಲೆ ಬೊಕ್ಕೆ ಒಡೆದು ಬಿಳಿ ದಾರದಂಥ ಹುಳು ಹೊರಗೆ ಬರುತ್ತಿತ್ತು. ಆಕೆಯ ತಾಯಿ ಅದನ್ನು ಕಡ್ಡಿಗೆ ಸುತ್ತಿ ದಿನಾ ಇಷ್ಟಿಷ್ಟೇ ಎಳೆಯುತ್ತಿದ್ದಳಂತೆ. ಒಮ್ಮೆ ಹುಳು ಒಳಗೇ ಹರಿದು ಕಾಲು ಕೀವು ತುಂಬಿ, ಮಾರೆವ್ವ ಒಂದು ಇಡೀ ಮಳೆಗಾಲ ಮಲಗಿದ್ದಳು. ಶಾಲೆಗೆ ಹೋಗುವುದು ಅಲ್ಲಿಗೇ ನಿಂತುಹೋಯಿತು. ಹಾಗಾಗಿ ಬಾವಿಯ ನೀರೆಂದರೆ ಆಕೆಗೆ ಹೇಸಿಗೆ.

ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ವರ್ಷ, ಎಂದರೆ ತೊಂಬತ್ತೇಳರಲ್ಲಿ, ಆಕೆ ನಮ್ಮೂರಿಗೆ ಸೊಸೆಯಾಗಿ ಬಂದಳು. ಅದೇ ವರ್ಷ ನಮ್ಮ ಶಾಲೆಯ ಮುಂದೆ ಬೋರು ಕೊರೆದು ಕೈಪಂಪು ನಿಲ್ಲಿಸಿದರು. ನಮ್ಮ ಕಡೆ ಅದಕ್ಕೆ ಬೋರಿಂಗು ಅನ್ನುತ್ತಾರೆ. ಕನ್ನಡಿಯಂಥ ನೀರು, ಬೇಸಿಗೆಯಲ್ಲೂ ತಪ್ಪದ ಧಾರೆ. ಹೊಸ ಸೊಸೆ ಮಾರೆವ್ವ ಆ ಪಂಪಿಗೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿದಳಂತೆ. ಹಳೆಯ ಬಾವಿಗೆ ಹೋಗುತ್ತಿದ್ದ ಮುದುಕಿಯರನ್ನು ದಾರಿಯಲ್ಲಿ ತಡೆದು, "ಇದರಾಗ ಹುಳ ಇಲ್ಲಬೇ, ಇದನ್ನ ಒಯ್ರಿ," ಎಂದು ತಾನೇ ಹಿಡಿಕೆ ಹೊಡೆದು ಕೊಡ ತುಂಬಿಸಿ ಕಳಿಸುತ್ತಿದ್ದಳು.

ಎರಡು ವರ್ಷಕ್ಕೆ ಅಂಜಲಿ ಹುಟ್ಟಿದಳು. ಆಮೇಲೆ ನಮ್ಮ ಕಡೆಯ ಶಾಲೆಗಳಿಗೆ ಬಿಸಿಯೂಟ ಬಂತು. ಅಡುಗೆಗೆ ಮಾರೆವ್ವನನ್ನೂ ನೆರೆಮನೆಯ ಶಾಂತಕ್ಕನನ್ನೂ ತೆಗೆದುಕೊಂಡರು. ಮಾರೆವ್ವ ಮಾಡುವ ಸಾರಿಗೆ ನಾವು ಹುಡುಗರು ಬಡಿದಾಡುತ್ತಿದ್ದೆವು. ಮೊದಲು ಹಸಿದ ಮುಖಗಳಿಗೆ, ಆಮೇಲೆ ಮನೆಯ ಹುಡುಗರಿಗೆ ನೀಡುವುದು ಆಕೆಯ ಪದ್ಧತಿ. ಅದಕ್ಕೆ ನಾನು ಮುನಿಸಿಕೊಳ್ಳುತ್ತಿದ್ದೆ.

ಅಂಜಲಿ ಓಡುವ ಹುಡುಗಿ. ಅಂಗಳದಲ್ಲಿ ಕೋಳಿಮರಿ ಅಟ್ಟಿಸಿಕೊಂಡು ಹೋದರೆ ಹಿಡಿಯುವವರಿರಲಿಲ್ಲ. ಶಾಲೆಗೆ ಸೇರುವ ವಯಸ್ಸಿಗೆ ಆಕೆಯ ಮೊಣಕಾಲು ಒಂದಕ್ಕೊಂದು ತಾಗಲು ಶುರುವಾಯಿತು. ಓಡಿದರೆ ಬೀಳುತ್ತಿದ್ದಳು. ಬರಬರುತ್ತ ಮೊಣಕಾಲು ಕೂಡಿ ಪಾದಗಳು ದೂರ ಸರಿದವು. ನಡೆದರೆ ಕತ್ತರಿ ಆಡಿಸಿದ ಹಾಗೆ. ಅಜ್ಜಿ ಎಣ್ಣೆ ತಿಕ್ಕಿದಳು. ಎಲುಬು ಕಟ್ಟುವವನು ಬಿದಿರಿನ ದಬ್ಬೆ ಕಟ್ಟಿ ಹೋದ. ಸೂರ್ಯಗ್ರಹಣದ ದಿನ ಮಗುವನ್ನು ತಿಪ್ಪೆಯಲ್ಲಿ ಕುತ್ತಿಗೆಯ ತನಕ ಹೂಳಬೇಕೆಂದು ಯಾರೋ ಹೇಳಿದರು. ಹೂಳಿದರು. ಗ್ರಹಣ ಬಿಡುವವರೆಗೆ ಅಂಜಲಿ "ಅವ್ವಾ, ತಗಿ, ಹುಳ ಕಡೀತಾವ," ಎಂದು ಅಳುತ್ತಿದ್ದಳು. ಮಾರೆವ್ವ ತಿಪ್ಪೆಯ ಪಕ್ಕದಲ್ಲಿ ಕೂತು ಸೆರಗಿನಿಂದ ಮಗಳ ಮುಖದ ಮೇಲಿನ ನೊಣ ಹೊಡೆಯುತ್ತಿದ್ದಳು. ಮಗಳನ್ನು ಹೊರಗೆ ತೆಗೆದು ತೊಳೆದ ಮೇಲೆ, "ಇನ್ನ ಸಾಕು. ನಾಳೆ ಹುಬ್ಬಳ್ಳಿಗೆ," ಎಂದಳು.

ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯ ವೈದ್ಯೆ ಅಂಜಲಿಯ ಕಾಲು ಆಮೇಲೆ ನೋಡಿದರು, ಮೊದಲು ಬಾಯಿ ತೆರೆಸಿದರು. ಹೊಸದಾಗಿ ಹುಟ್ಟುತ್ತಿದ್ದ ಹಲ್ಲಿನ ಮೇಲೂ ಕಂದು ಗೆರೆ.

"ಯಾವ ನೀರು ಕುಡೀತೀರಿ?"

"ಬೋರಿಂಗಿನ ನೀರ್ರಿ. ಭಾಳ ಛಲೋ ಅದಾವ್ರಿ, ತಿಳಿ," ಎಂದಳು ಮಾರೆವ್ವ.

"ಕಣ್ಣಿಗೆ ತಿಳಿ ಕಾಣ್ತಾವವ್ವ. ಅದರಾಗ ಫ್ಲೋರೈಡ್ ಅಂತ ಇರ್ತೈತಿ. ಮೊದಲ ಹಲ್ಲು ತಿಂತೈತಿ, ಆಮ್ಯಾಲೆ ಎಲುಬು. ಈ ಕಾಲು ಬಾಗಿದ್ದು ಅದರಿಂದ."

"ಕಾಸಿ ಕುಡಿದ್ರ ಹೋಗ್ತೈತೇನ್ರಿ?"

"ಇಲ್ಲ. ಕಾಸಿದಷ್ಟೂ ಗಟ್ಟಿ ಆಗ್ತೈತಿ. ಆ ನೀರು ಬಿಡ್ರಿ. ಮಳಿ ನೀರು, ಇಲ್ಲಾ ತೆರೆದ ಬಾವಿ ನೀರು ತಪಾಸಣಿ ಮಾಡಿಸಿ ಕುಡೀರಿ. ಅಲ್ಲವ್ವ, ನಿಮ್ಮ ಬೋರಿಂಗಿಗೆ ಕೆಂಪು ಬಣ್ಣ ಹಚ್ಚಿಲ್ಲೇನು? ಇಂಥ ನೀರಿಗೆ ಕೆಂಪು ಬಳದಿರ್ತಾರ, ಕುಡೀಬ್ಯಾಡ್ರಿ ಅಂತ."

ಹಚ್ಚಿದ್ದರು. ಎರಡು ವರ್ಷದ ಹಿಂದೆ ಜೀಪಿನಲ್ಲಿ ಇಬ್ಬರು ಬಂದು ಬಾಟಲಿಯಲ್ಲಿ ನೀರು ಒಯ್ದಿದ್ದರು. ಸ್ವಲ್ಪ ದಿನಕ್ಕೆ ಮತ್ತೆ ಬಂದು ಪಂಪಿಗೆ ಕೆಂಪು ಬಳಿದು ಹೋಗಿದ್ದರು. ಊರಿಗೆ ಯಾರೂ ಏನೂ ಹೇಳಲಿಲ್ಲ. ನಾವು ಹುಡುಗರು ಹಬ್ಬಕ್ಕೆ ಹಚ್ಚಿದ್ದಾರೆ ಎಂದುಕೊಂಡೆವು. ಆ ಬಣ್ಣ ಬಹಳ ದಿನ ಉಳಿಯಲೂ ಇಲ್ಲ. ಪಂಚಾಯಿತಿಯ ಹಿರಿಯ ಸದಸ್ಯ ಮುದಿಯಪ್ಪನ ಎರಡನೆಯ ಮಗನಿಗೆ ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು. ಅದರ ಹಿಂದಿನ ದಿನ ಮುದಿಯಪ್ಪ ಆಳು ಹಚ್ಚಿ ಪಂಪಿಗೆ ಹಸಿರು ಬಳಿಸಿದ್ದ.

ಹುಬ್ಬಳ್ಳಿಯಿಂದ ಬರುವ ಬಸ್ಸಿನಲ್ಲಿ ಮಾರೆವ್ವ ದಾರಿಯುದ್ದಕ್ಕೂ ಮಗಳ ಬಾಯಿ ತೆರೆಸಿ ತೆರೆಸಿ ನೋಡುತ್ತಿದ್ದಳು, ಅದಕ್ಕೇ ತನಗೆ ಹೆದರಿಕೆಯಾಯಿತು ಎಂದು ಕಾಕಾ ಆಮೇಲೆ ಹೇಳುತ್ತಿದ್ದ.

ಮರುದಿನ ಬೆಳಿಗ್ಗೆ ಆಕೆ ನೇರ ಮುಖ್ಯೋಪಾಧ್ಯಾಯರ ಕೋಣೆಗೆ ಹೋದಳು. ಗೋವಿಂದರಾಜ ಮಾಸ್ತರರು ಕುಷ್ಟಗಿಯಿಂದ ಮೋಟರ್ ಸೈಕಲ್ಲಿನಲ್ಲಿ ಬರುತ್ತಿದ್ದರು. ಸಭ್ಯ ಮನುಷ್ಯ, ಹುಡುಗರ ಮೇಲೆ ಕೈ ಎತ್ತಿದವರಲ್ಲ. ದಿನಾ ಅವರ ಗಾಡಿಯ ಹಿಂದೆ ಒಂದು ನೀಲಿ ನೀರಿನ ಕ್ಯಾನು ಕಟ್ಟಿರುತ್ತಿತ್ತು. ಪೇಟೆಯವರ ಗಂಟಲಿಗೆ ಹಳ್ಳಿಯ ನೀರು ಒಗ್ಗುವುದಿಲ್ಲ ಎಂದು ನಾವು ತಿಳಿದಿದ್ದೆವು. ನಮ್ಮ ತರಗತಿ ಪಕ್ಕದಲ್ಲೇ ಇತ್ತು, ಮಾತೆಲ್ಲ ಕೇಳಿಸಿತು.

"ಮಾಸ್ತರ್ರ, ಬೋರಿಂಗಿಗೆ ಕೆಂಪು ಬಣ್ಣ ಯಾಕ ಹಚ್ಚಿದ್ರು?"

"ಅದು ಹಳೇ ಮಾತು ಬಿಡು ಮಾರೆವ್ವ."

"ನಿಮಗ ಗೊತ್ತಿತ್ತೇನ್ರಿ?"

ಮಾಸ್ತರರು ತಡವರಿಸಿದರು. "ಗೊತ್ತಿತ್ತು. ಮ್ಯಾಲಿನವರಿಗೆ ಬರದೀನಿ. ಊರ ಹಿರಿಯರಿಗೂ ಹೇಳೀನಿ. ಮಂದಿನ್ನ ಅಂಜಿಸಬ್ಯಾಡ್ರಿ ಅಂದ್ರು. ನಾ ಏನ್ ಮಾಡ್ಲಿ?"

"ಮತ್ತ ಈ ಕ್ಯಾನು?"

ಮಾಸ್ತರರು ಕ್ಯಾನನ್ನು ಮೇಜಿನ ಕೆಳಗೆ ಸರಿಸಿದ ಸದ್ದಾಯಿತು.

"ನೀವು ದಿನಾ ಪ್ಯಾಟಿಯಿಂದ ನೀರು ತಂದು ಕುಡಿದ್ರಿ. ನಾ ದಿನಾ ಆ ನೀರಾಗ ಅನ್ನ ಕುದಿಸಿ ಹುಡುಗರಿಗೆ ನೀಡಿದೆ. ನನ್ನ ಮಗಳಿಗೆ ನೀಡಿದೆ. ನನ್ನ ಕೈಲೆ ನೀಡಿಸಿದ್ರಿ. ಒಂದ್ ಮಾತು ನನ್ನ ಕಿವಿಗೆ ಹಾಕಿದ್ರ ನಿಮ್ಮ ನಾಲಿಗಿ ಸವೀತಿತ್ತೇನ್ರಿ?"

ಮಾಸ್ತರರಿಗೆ ಹಾಗೆ ಮಾತಾಡಿದವರನ್ನು ನಾವು ಕಂಡಿರಲಿಲ್ಲ.

ಅಲ್ಲಿಂದ ಮಾರೆವ್ವ ಮುದಿಯಪ್ಪನ ಮನೆಗೆ ಹೋದಳು. ಅವನು ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದನಂತೆ. ಗಡಸು ಮನುಷ್ಯ ಎಂದು ಅವನನ್ನು ಯಾರೂ ಅನ್ನುತ್ತಿರಲಿಲ್ಲ. ಯಾರ ಮನೆಯಲ್ಲಿ ಹೆಣ ಬಿದ್ದರೂ ಮೊದಲು ಬಂದು ನಿಲ್ಲುತ್ತಿದ್ದವನು ಅವನೇ. ಎಲ್ಲ ಕೇಳಿ, ಸಮಾಧಾನದಿಂದಲೇ ಹೇಳಿದ:

"ನೋಡಬೇ, ಕೆಂಪು ಬೋರಿಂಗಿನ ಊರು ಅಂತ ಹೆಸರು ಬಿತ್ತಂದ್ರ ನಮ್ಮ ಗಂಡು ಹುಡುಗರಿಗೆ ಯಾರು ಹೆಣ್ಣು ಕೊಡ್ತಾರ? ನಮ್ಮ ಹೆಣ್ಣು ಹುಡುಗರನ್ನ ಯಾರು ಒಯ್ತಾರ? ಊರ ಮರ್ಯಾದಿ ನೋಡ್ಬೇಕಲ್ಲ. ಇಷ್ಟ ವರ್ಷ ಕುಡಿದೀವಿ. ಏನಾಗೈತಿ?"

"ನನ್ನ ಮಗಳ ಕಾಲು ನೋಡಿಲ್ಲೇನ್ರಿ ಮಾವಾ?"

"ಅದು ಆಕಿ ಹಣಿಬರ. ಅದನ್ನ ಊರಿಗೆಲ್ಲ ಹಚ್ಚಬ್ಯಾಡ."

ಆಕೆ ಶಾಲೆಗೆ ವಾಪಸು ಬಂದಾಗ ಶಾಂತಕ್ಕ ಒಬ್ಬಳೇ ತಡವಾಗಿ ಒಲೆ ಹೊತ್ತಿಸಿ ದೊಡ್ಡ ಪಾತ್ರೆಯಲ್ಲಿ ಎಸರಿಟ್ಟಿದ್ದಳು. ನಮ್ಮನ್ನು ಊಟಕ್ಕೆ ಕೂರಿಸಿದ್ದರು. ಮಾರೆವ್ವ ಕೊಡ ಎತ್ತಿ ಒಲೆಗೆ ಸುರಿದಳು. ಬುಸ್ಸೆಂದು ಹೊಗೆ ಎದ್ದು ಕೋಣೆ ತುಂಬಿತು. ಆಮೇಲೆ ಎಸರಿನ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಹೊರಗೆ ಎಳೆದು ಅಂಗಳದಲ್ಲಿ ಬೋರಲು ಹಾಕಿದಳು. ಕುದಿಯುವ ನೀರು ಮಣ್ಣಲ್ಲಿ ಹರಿದು ಬಂದಾಗ ನಾವು ತಾಟು ಎತ್ತಿಕೊಂಡು ಓಡಿದೆವು.

"ಈ ನೀರಾಗ ಇನ್ನ ಅನ್ನ ಮಾಡಂಗಿಲ್ಲ. ನಾನೂ ಮಾಡಂಗಿಲ್ಲ, ಶಾಂತಕ್ಕ, ನೀನೂ ಮಾಡಬ್ಯಾಡ," ಎಂದಳು.

"ಹುಡುಗರು ಉಪಾಸ ಅದಾವಲ್ಲೇ," ಎಂದಳು ಶಾಂತಕ್ಕ.

"ಇವತ್ತೊಂದಿನ ಉಪಾಸ ಇದ್ರ ಸಾಯಂಗಿಲ್ಲ. ದಿನಾ ಉಂಡ್ರ ಸಾಯ್ತಾವ."

ಹಸಿದ ಮಕ್ಕಳು ಅಳುತ್ತ ಮನೆಗೆ ಹೋದವು. ತಾಯಂದಿರು ಬೈಯುತ್ತ ಶಾಲೆಗೆ ಬಂದರು. ಮಾರೆವ್ವನ ಕೆಲಸ ಅಂದೇ ಹೋಯಿತು. ಮರುದಿನ ಶಾಂತಕ್ಕ ಒಬ್ಬಳೇ ಅದೇ ನೀರಲ್ಲಿ ಅಡುಗೆ ಮಾಡಿದಳು. ನಾನೂ ಉಂಡೆ, ಎಲ್ಲರೂ ಉಂಡೆವು.

ಮನೆಯಲ್ಲಿ ನಮ್ಮಪ್ಪ ಅಂಗಳದ ನಡುವೆ ನಿಂತು ಕೂಗಾಡಿದ. "ಕನಕಪ್ಪ, ನಿನ್ನ ಹೇಣ್ತಿ ಬಾಯಿಗೆ ಬೀಗ ಹಾಕು. ನಾಳೆ ನನ್ನ ಮಗಳಿಗೆ ಗಂಡು ಬರ್ತಾವೇನು? ಕೆಂಪು ನೀರು ಕುಡಿದಾಕಿ ಅಂತ ಹಿಂದಕ್ಕ ಹೋಗ್ತಾವ." ಕಾಕಾ ಕಂಬಕ್ಕೆ ಒರಗಿ ಬೀಡಿ ಸೇದುತ್ತಿದ್ದ. ಮಾರೆವ್ವ ಒಳಗಿಂದ ಬಂದಳು. "ಭಾವಾ, ನಿಮ್ಮ ಮಗಳು ನಗೂವಾಗ ಬಾಯಿಗೆ ಕೈ ಯಾಕ ಅಡ್ಡ ಹಿಡೀತಾಳ, ಎಂದಾರ ಕೇಳೀರೇನು?" ಅಪ್ಪ ನನ್ನತ್ತ ತಿರುಗಿದ. ನನ್ನ ಕೈ ಆಗಲೂ ಬಾಯಿಯ ಮೇಲೆಯೇ ಇತ್ತು.

ಅಂದಿನಿಂದ ಮಾರೆವ್ವ ದಿನಾ ಬೆಳಿಗ್ಗೆ ತಲೆಯ ಮೇಲೊಂದು, ಕಂಕುಳಲ್ಲೊಂದು ಕೊಡ ಇಟ್ಟುಕೊಂಡು ರಾಜಾಸಾಬನ ಹೊಲದ ಬಾವಿಗೆ ನಡೆದಳು. ಊರಿಂದ ದೂರ. ಕೆಳಗೆ ಇಳಿಯುವ ಮೆಟ್ಟಿಲಿಲ್ಲದ, ಗಡಗಡಿಯಿಂದ ಸೇದುವ ಬಾವಿ ಅದು. ಬೋರಿನಷ್ಟು ತಿಳಿ ನೀರಲ್ಲ, ಸ್ವಲ್ಪ ಸಪ್ಪೆ. ರಾಜಾಸಾಬ ಆ ನೀರನ್ನು ಕೊಪ್ಪಳಕ್ಕೆ ಒಯ್ದು ತಪಾಸಣೆ ಮಾಡಿಸಿಕೊಂಡು ಬಂದ. ಫ್ಲೋರೈಡ್ ಇಲ್ಲ, ಕಾಸಿ ಸೋಸಿ ಕುಡಿಯಿರಿ ಅಂದರಂತೆ. ಬಾವಿ ನೀರೆಂದರೆ ಹೇಸುತ್ತಿದ್ದ ಮಾರೆವ್ವ ಅದನ್ನು ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ಕುದಿಸಿ, ಮಗಳಿಗೆ ಕುಡಿಸಿದಳು. ದಾರಿಯಲ್ಲಿ ಎದುರಾದವರು ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು.

ಕುಷ್ಟಗಿಯಿಂದ ಆಕೆ ಒಂದು ಡಬ್ಬಿ ಕೆಂಪು ಬಣ್ಣ ತಂದು, ಹಾಡುಹಗಲು, ಶಾಲೆ ನಡೆದಿರುವಾಗಲೇ ಪಂಪಿಗೆ ಬಳಿದಳು. ಮುದಿಯಪ್ಪ ಅದನ್ನು ಹಸಿರು ಮಾಡಿಸಿದ. ಆಕೆ ಮತ್ತೆ ಕೆಂಪು ಮಾಡಿದಳು. ಆತ ಮತ್ತೆ ಹಸಿರು. ಮೈಯೆಲ್ಲ ಹೊಪ್ಪಳೆ ಎದ್ದ ಆ ಪಂಪನ್ನು ಕಂಡು ಊರು ನಗುತ್ತಿತ್ತು. ನಗುತ್ತಲೇ ಕೊಡ ತುಂಬುತ್ತಿತ್ತು. ನೀರು ತುಂಬಲು ಬಂದವರಿಗೆ ಮಾರೆವ್ವ ಅಡ್ಡ ನಿಂತು ಹೇಳಿದಳು, ಬೇಡಿಕೊಂಡಳು, ಬೈದಳು. ಒಬ್ಬ ಬಾಣಂತಿ, "ನಮಗ ರಾಜಾಸಾಬನ ಬಾವಿ ತನಕ ಹೋಗಾಕ ಆಗಂಗಿಲ್ಲ. ಊರಾಗ ಇರೂದು ಇದೊಂದ," ಎಂದಾಗ ಮಾರೆವ್ವ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅದು ಸುಳ್ಳಾಗಿರಲಿಲ್ಲ. ಬೇರೆ ನೀರು ಕೊಡಿ ಎಂದು ಮೇಲಿನವರನ್ನು ಕೇಳಬೇಕಿದ್ದ ಪಂಚಾಯಿತಿ, ನಮ್ಮ ನೀರು ಚೆನ್ನಾಗಿದೆ ಎಂದು ಕೂತಿತ್ತು. ಚೆನ್ನಾಗಿದೆ ಅಂದವರಿಗೆ ಬೇರೆ ನೀರು ಯಾರು ಕೊಡುತ್ತಾರೆ?

ಬಾಣಂತಿಯ ಆ ಮಾತು ಆಕೆಯೊಳಗೆ ಏನು ಮಾಡಿತೋ, ಮರುದಿನ ನಡುಮಧ್ಯಾಹ್ನ ಕಾಕಾನ ಹಾರೆ ಹಿಡಿದು ಪಂಪಿನ ಬಳಿ ನಿಂತಳು. ಹಿಡಿಕೆಯ ಸಂದಿಯಲ್ಲಿ ಹಾರೆ ಸಿಕ್ಕಿಸಿ ಮೀಟತೊಡಗಿದಳು. ಜನ ಕೂಡಿತು. ಯಾರೋ ಕಣಿಗೆ ಸುದ್ದಿ ಮುಟ್ಟಿಸಿದರು. ಕಾಕಾ ಮೈಯೆಲ್ಲ ಕಲ್ಲಿನ ಪುಡಿ ಮೆತ್ತಿಕೊಂಡೇ ಬಂದ. ಗುಂಪು ಸರಿದು ದಾರಿ ಬಿಟ್ಟಿತು. ಈಗ ಆಕೆಗೆ ಹೊಡೆಯುತ್ತಾನೆ ಎಂದು ನಾನು ಕಣ್ಣು ಮುಚ್ಚಿದೆ.

"ಕೊಡಿಲ್ಲೆ," ಎಂದು ಕಾಕಾ ಹಾರೆ ಕಸಿದುಕೊಂಡ. "ಹಿಂಗ ಮೀಟಿದ್ರ ಬರಂಗಿಲ್ಲ. ಬೋಲ್ಟು ಬಿಚ್ಚಬೇಕು."

ಸೊಂಟದ ಚೀಲದಿಂದ ಪಾನಾ ತೆಗೆದು ಬೋಲ್ಟು ಒಂದೊಂದೇ ಸಡಿಲಿಸಿದ. ಮುದಿಯಪ್ಪ ಓಡಿ ಬಂದು, "ಏ ಕನಕ್ಯಾ, ಸರಕಾರದ ಬೋರಿಂಗಲೇ ಅದು!" ಎಂದು ಅರಚಿದ. ಕಾಕಾ ತಲೆ ಎತ್ತಲಿಲ್ಲ. ಸರಪಳಿ ಕಳಚಿ ಹಿಡಿಕೆ ಹೆಗಲ ಮೇಲೆ ಹೊತ್ತು ಬಂದ ದಾರಿಯಲ್ಲೇ ಹೊರಟುಹೋದ. ಮಾರೆವ್ವ ನೆಲದ ಮೇಲೆ ಕುಕ್ಕರಿಸಿ, ಮದುವೆಯಾದಂದಿನಿಂದ ನಾವು ಯಾರೂ ಕಾಣದ ಹಾಗೆ, ಬಾಯಿಬಿಟ್ಟು ಅತ್ತಳು.

ಅಪ್ಪನೂ ಸೇರಿ ಊರಿನ ಹಿರಿಯರು ದೂರಿಗೆ ಸಹಿ ಹಾಕಿದರು. ಪೊಲೀಸರು ಗಂಡ ಹೆಂಡತಿ ಇಬ್ಬರನ್ನೂ ಠಾಣೆಗೆ ಕರೆದರು, ಸಹಿ ಹಾಕಿದವರೂ ಬಂದರು. ಅಂಜಲಿಯನ್ನು ಬಿಟ್ಟು ಹೋಗಲು ಮಾರೆವ್ವ ಒಪ್ಪಲಿಲ್ಲ. ಅಂಜಲಿಯನ್ನು ಹಿಡಿದುಕೊಂಡು ಕೂರಲು ನನ್ನನ್ನು ಕರೆದೊಯ್ದಳು. ಸಬ್ ಇನ್‌ಸ್ಪೆಕ್ಟರ್ ಮೈಸೂರು ಕಡೆಯ ಹುಡುಗ, ನಮ್ಮ ಮಾತು ಅವರಿಗೆ ಹೊಸದು.

"ಯಾಕಮ್ಮ, ಸರ್ಕಾರದ ಆಸ್ತಿ ಅಲ್ವೇನಮ್ಮ ಅದು? ಜನ ನೀರಿಗೆ ಏನು ಮಾಡಬೇಕು?"

"ಅದನ್ನ ನೀವ ಕೇಳ್ರಿ ಸಾಹೇಬ್ರ. ಇಷ್ಟ ವರ್ಷ ಯಾರೂ ಕೇಳಿಲ್ಲ," ಎಂದಳು ಮಾರೆವ್ವ.

ಮುದಿಯಪ್ಪ ಕೈಮುಗಿದು ನಡುವೆ ಬಂದ. "ನಮ್ಮೂರ ನೀರಿಗೆ ಏನೂ ಆಗಿಲ್ರಿ ಸಾಹೇಬ್ರ. ಆಕಿ ಮಗಳ ಕಾಲು ಹುಟ್ಟಿದಾಗಿಂದ ಹಂಗ."

ಮಾರೆವ್ವ ಎದ್ದು ನಿಂತಳು. "ಹುಟ್ಟಿದಾಗಿಂದ? ಓಡ್ಯಾಳ್ರಿ ನನ್ನ ಮಗಳು! ನಿಮ್ಮ ಅಂಗಳದಾಗ ಓಡ್ಯಾಳ, ನಿಮ್ಮ ಕೋಳಿ ಬೆನ್ನ ಹತ್ತ್ಯಾಳ. ನಿಮ್ಮ ಕಣ್ಣಿಲೇ ನೋಡೀರಿ. ದೇವರ ಮ್ಯಾಲೆ ಆಣಿ ಮಾಡಿ ಹೇಳ್ರಿ, ನೋಡಿಲ್ಲ ಅಂತ!"

ಸಬ್ ಇನ್‌ಸ್ಪೆಕ್ಟರ್ ಅಂಜಲಿಯತ್ತ ಕೈ ಮಾಡಿದರು. "ಸರಿ, ಮಗೂನ ಸ್ವಲ್ಪ ನಡೆಸಿ ತೋರಿಸಮ್ಮ."

"ಇಲ್ರಿ. ನನ್ನ ಮಗಳನ್ನ ಮಂದಿ ಮುಂದ ನಡಿಸಿ ತೋರಸಂಗಿಲ್ಲ. ಆಕಿ ಆಟದ ಸಾಮಾನಲ್ಲ. ನೋಡಬೇಕಂದ್ರ ದೂರು ಕೊಟ್ಟೋರ ಮನಿ ಹುಡುಗರ ಬಾಯಿ ತಗಿಸಿ ನೋಡ್ರಿ."

ಸಬ್ ಇನ್‌ಸ್ಪೆಕ್ಟರ್ ನನ್ನನ್ನು ನೋಡಿದರು. "ನಿನ್ನ ಹೆಸರೇನು ಪುಟ್ಟಿ?"

"ಅನುಷಾ."

"ಬಾಯಿಂದ ಕೈ ತೆಗೆದು ಹೇಳು, ಕೇಳಿಸ್ತಿಲ್ಲ."

ಕೈ ತೆಗೆದೆ. ಮತ್ತೆ ಹೆಸರು ಹೇಳಿದೆ. ಅವರು ನನ್ನ ಹಲ್ಲನ್ನು ನೋಡುತ್ತಿದ್ದದ್ದು ಗೊತ್ತಾಗಿ ನನಗೆ ಅಳು ಬಂತು.

"ಯಾರ ಮಗಳು?"

"ನನ್ನ ಮಗಳ್ರಿ," ಎಂದ ಅಪ್ಪ. ಅವನ ಧ್ವನಿ ಬಿದ್ದಿತ್ತು. ಮುಂದೆ ಬಂದು, "ಸಾಹೇಬ್ರ, ಆ ಅರ್ಜಿದಾಗ ನಂದೂ ಸಹಿ ಐತ್ರಿ. ಅದನ್ನ ಹೊಡದ ಹಾಕ್ರಿ," ಎಂದ. ಮುದಿಯಪ್ಪ ಅಪ್ಪನ ತೋಳು ಹಿಡಿದು ಜಗ್ಗಿದ. ಅಪ್ಪ ಕೊಡವಿಕೊಂಡ. ಜೊತೆಗೆ ಬಂದಿದ್ದ ಹಿರಿಯರಲ್ಲಿ ಇಬ್ಬರು ನಮ್ಮದೂ ಹೊಡೀರಿ ಅಂದರು, ಉಳಿದವರು ನೆಲ ನೋಡಿದರು.

ಹಿಡಿಕೆ ತಂದು ಕೂರಿಸಿ, ಮನೆಗೆ ಹೋಗಿ ಎಂದರು ಸಬ್ ಇನ್‌ಸ್ಪೆಕ್ಟರ್. "ಅದು ಕಣಿ ನೀರಾಗ ಮುಳುಗೈತ್ರಿ," ಎಂದ ಕಾಕಾ. ಅಂದು ಠಾಣೆಯಲ್ಲಿ ಅವನು ಆಡಿದ್ದು ಅದೊಂದೇ ಮಾತು.

ಪಂಪಿಲ್ಲದ ಊರಿಗೆ ಬೇರೆ ನೀರು ಕೊಡಲೇಬೇಕಾಯಿತು. ಟ್ಯಾಂಕರ್ ಬರತೊಡಗಿತು. ಮುಂದೆ ಪಂಪು ದುರಸ್ತಿಯಾದಾಗ ಅದರ ಮೈಮೇಲೆ ಕೆಂಪು ಇತ್ತು, ಪಕ್ಕದಲ್ಲಿ ಕುಡಿಯಲು ಯೋಗ್ಯವಲ್ಲ ಎಂಬ ಫಲಕವಿತ್ತು. ಆ ಬಣ್ಣವನ್ನು ಮತ್ತೆ ಯಾರೂ ಮುಟ್ಟಲಿಲ್ಲ. ಟ್ಯಾಂಕರ್ ತಪ್ಪಿದ ಒಂದು ದಿನ ಶಾಂತಕ್ಕ ಶಾಲೆಯ ಪಾತ್ರೆ ಹೊತ್ತು ರಾಜಾಸಾಬನ ಬಾವಿಗೆ ಬಂದಳು. "ಈಗ ದಾರಿ ಕಂಡಿತೇನು?" ಎಂದಳು ಮಾರೆವ್ವ. ಆದರೂ ಹಗ್ಗ ಅವಳ ಕೈಗೆ ಕೊಟ್ಟಳು. ಅಡುಗೆಯ ಕೆಲಸಕ್ಕೆ ಮಾತ್ರ ಆಕೆಯನ್ನು ಯಾರೂ ಮರಳಿ ಕರೆಯಲಿಲ್ಲ.

ಅಂಜಲಿ ದೊಡ್ಡವಳಾದ ಮೇಲೆ ಹುಬ್ಬಳ್ಳಿಯಲ್ಲಿ ಎಲುಬು ಕೊಯ್ದು ಕೂಡಿಸಿದರು. ಒಂದು ಕಾಲು ನೆಟ್ಟಗಾಯಿತು, ಇನ್ನೊಂದು ಅರ್ಧ. ಈಗ ಕುಷ್ಟಗಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟು ಮಂದಿಯ ಅರ್ಜಿ ತುಂಬಿಕೊಡುತ್ತಾಳೆ. ಚಳಿಗೆ ನೋವು ಬಂದರೆ ಅಂಗಡಿ ಮುಚ್ಚುತ್ತಾಳೆ. ಓಡುವುದಂತೂ ಇಲ್ಲ.

ನಮ್ಮೂರಿಗೆ ಆಮೇಲೆ ಶುದ್ಧ ನೀರಿನ ಘಟಕ ಬಂತು. ನಾಣ್ಯ ಹಾಕಿದರೆ ಕೊಡ ತುಂಬುವಂಥದ್ದು. ರಿಬ್ಬನ್ ಕತ್ತರಿಸಿದರು, ಫೋಟೋ ಹೊಡೆಸಿಕೊಂಡರು. ಒಂದು ವರ್ಷ ತುಂಬುವ ಮೊದಲೇ ಅದು ಕೆಟ್ಟಿತು. ಬಾಗಿಲಿಗೆ ಬೀಗ ಬಿತ್ತು, ಒಳಗೆ ಜೇಡ ಬಲೆ ಕಟ್ಟಿತು. ದುರಸ್ತಿ ಮಾಡುತ್ತಿದ್ದರು, ಮತ್ತೆ ಕೆಡುತ್ತಿತ್ತು. ಪ್ರತಿ ಸಲವೂ ಮಾರೆವ್ವ ಕಚೇರಿಗೆ ಹೋಗಿ ಜಗಳವಾಡಿಯೇ ಬಾಗಿಲು ತೆರೆಸಬೇಕು.

ಕೆಲವು ವರ್ಷದ ಹಿಂದೆ ರಜೆಗೆ ಊರಿಗೆ ಹೋಗಿದ್ದಾಗ ಮುದಿಯಪ್ಪ ಮಾರೆವ್ವನನ್ನು ಕರೆ ಕಳಿಸಿದ. ಅವನ ಬೆನ್ನು ಹಲಗೆಯ ಹಾಗೆ ಬಿಗಿದು, ಕುತ್ತಿಗೆ ಹೊರಳದೆ, ಹಾಸಿಗೆ ಹಿಡಿದು ಬಹಳ ದಿನವಾಗಿತ್ತು. ನಾನೂ ಜೊತೆಗೆ ಹೋದೆ. ಮಾರೆವ್ವ ಬಾಗಿಲ ಬಳಿ ನಿಂತಿದ್ದರಿಂದ ಅವನಿಗೆ ಆಕೆಯ ಮುಖ ಕಾಣುತ್ತಿರಲಿಲ್ಲ. ಕಣ್ಣು ಮಾತ್ರ ಹೊರಳಿಸಿ ಕೇಳಿದ:

"ಡಾಕ್ಟರ್ ನೀರಿಂದ ಅಂತಾರ. ಖರೇನ ಏನಬೇ?"

"ಖರೇ ಐತ್ರಿ ಮಾವಾ."

ಅವನ ಕಣ್ಣಂಚಲ್ಲಿ ನೀರು ಇಳಿಯಿತು. ಒರೆಸಿಕೊಳ್ಳಲು ಕೈ ಮೇಲೆ ಬರಲಿಲ್ಲ. "ಸಿಟ್ಟು ಬಿಡಬೇ," ಎಂದ.

"ಬಿಡಂಗಿಲ್ರಿ," ಎಂದಳು ಮಾರೆವ್ವ. "ನೀವು ಕರದ್ರಿ, ಬಂದೆ. ಸಿಟ್ಟು ಬಿಡಾಕ ಬಂದಿಲ್ಲ." ಆದರೂ ಮುಂದೆ ಹೋಗಿ ತನ್ನ ಸೆರಗಿನಿಂದ ಅವನ ಕಣ್ಣು ಒರೆಸಿದಳು. ಒರಟಾಗಿಯೇ ಒರೆಸಿದಳು.

ಹೊರಗೆ ಅಂಗಳದಲ್ಲಿ ಮುದಿಯಪ್ಪನ ಎರಡನೆಯ ಸೊಸೆ ನಮಗೆ ಚಹಾ ತಂದಳು. ಮಾರೆವ್ವ ಕಪ್ಪು ಹಿಡಿದು ಕೇಳಿದಳು, "ಯಾವ ನೀರವ್ವ?"

"ಘಟಕ ಕೆಟ್ಟು ಹದಿನೈದು ದಿನ ಆತಲ್ರಿ," ಎಂದಳು ಸೊಸೆ, ತಲೆ ತಗ್ಗಿಸಿ. "ಬೋರಿಂಗಿಂದ ತಂದೀವಿ. ನಾಕು ದಿನದ ಮಟ್ಟಿಗೆ ಅಂತ."

ಮಾರೆವ್ವ ಚಹಾ ಅಂಗಳಕ್ಕೆ ಚೆಲ್ಲಿದಳು. ಪಡಸಾಲೆಯಲ್ಲಿ ಸಾಲಾಗಿಟ್ಟಿದ್ದ ಕೊಡಗಳನ್ನು ಒಂದೊಂದಾಗಿ ಎತ್ತಿ ಸುರಿದಳು. ಆಕೆಯ ಬೆನ್ನೂ ಈಗ ಸರಿಯಿಲ್ಲ, ಬಗ್ಗಿದರೆ ಏಳಲು ಗೋಡೆ ಬೇಕು. ಗೋಡೆ ಹಿಡಿದೇ ಎದ್ದಳು. "ಒಳಗ ಮಾವ ಹಲಗಿ ಆಗ್ಯಾನ, ಹೊರಗ ಮಮ್ಮಕ್ಕಳಿಗೆ ಅದನ್ನ ಕುಡಿಸ್ತೀರಿ! ನಿಮಗ ಹೇಳಿ ಹೇಳಿ ನನ್ನ ಗಂಟಲು ಹರದ ಹೋತು!" ಎಂಬ ಕೂಗಿಗೆ ಓಣಿಯೆಲ್ಲ ಕೂಡಿತು. ಸೊಸೆ ಬಿಕ್ಕುತ್ತ ನಿಂತಿದ್ದಳು. ಅವಳನ್ನು ಬೈದು ಏನು ಎಂದು ಮಾರೆವ್ವನಿಗೇ ಅನ್ನಿಸಿರಬೇಕು, ನನ್ನ ಕಡೆ ತಿರುಗಿದಳು.

"ಅನುಷಾ, ಆ ಘಟಕದ ಎಂಜಿನಿಯರಗ ಫೋನ್ ಹಚ್ಚು."

ಹಚ್ಚಿ ಕೊಟ್ಟೆ. ಆ ಕಡೆಯಿಂದ ಯಾರೆಂದು ಕೇಳಿದರು.

"ಕೆಂಚಿಹಾಳದ ಮಾರೆವ್ವ," ಎಂದಳು. "ಹೂಂ, ಅದ ಮಾರೆವ್ವ. ನಾಳೆ ಮಂದಿ ಕಳಸ್ತೀರೇನು, ಇಲ್ಲಾ ನಾವ ಊರ ಮಂದಿ ಕೊಡ ತಗೊಂಡು ನಿಮ್ಮ ಕಚೇರಿಗೆ ಬರೂಣೇನು?"

ಓಣಿಯಲ್ಲಿ ಕೂಡಿದ್ದ ಹೆಂಗಸರು ಯಾರೂ ನಗಲಿಲ್ಲ. ಶಾಂತಕ್ಕ ಮುಂದೆ ಬಂದು, "ನಾವೂ ಬರ್ತೀವಂತ ಹೇಳಬೇ," ಎಂದಳು. ಮರುದಿನ ಕಚೇರಿಯಿಂದ ಯಾರೂ ಬರಲಿಲ್ಲ. ಅದರ ಮರುದಿನ ಟ್ರ್ಯಾಕ್ಟರ್ ತುಂಬ ಹೆಂಗಸರು ಖಾಲಿ ಕೊಡ ಹಿಡಿದು ಯಲಬುರ್ಗಾಕ್ಕೆ ಹೊರಟರು. ಟ್ರ್ಯಾಕ್ಟರ್ ಏರಲು ಮಾರೆವ್ವನಿಗೆ ಆಗಲಿಲ್ಲ. ಕಾಕಾ ಮತ್ತು ನಮ್ಮಪ್ಪ ಎರಡು ಕಡೆ ಹಿಡಿದು ಎತ್ತಿ ಕೂರಿಸಿದರು. ಸಂಜೆಗೆ ಘಟಕ ನೀರು ಕೊಟ್ಟಿತು.